ಬೆಲ್ಲದ ಜಾಗ ತೋರಿಸುವ ಬಟ್ಟಲು

ಓದಿದವರ ಕಷ್ಟಗಳೇ ಬೇರೆ. ನನ್ನಂಥವಳು ಒಲೆ ಹತ್ತದಿದ್ದರೆ ಒಲೆಯನ್ನು ಬೈಯುತ್ತಾಳೆ. ಓದಿದವರು ಪಾಠ ತಲೆಗೆ ಹತ್ತದಿದ್ದರೆ ತಮ್ಮನ್ನೇ ಬೈದುಕೊಳ್ಳುತ್ತಾರೆ. ನಾನು ಎರಡನೇ ಕ್ಲಾಸಿಗೇ ಶಾಲೆ ಬಿಟ್ಟವಳು. ಒಂದು ಸಾಲು ಬರೆಯಲು ಒಂದು ಲೋಟ ಕಾಫಿ ಬೇಕು. ಹಾಗಾಗಿ ಈ ಬರಹದಲ್ಲಿ ಅರ್ಧ ನನ್ನದು, ಅರ್ಧ ಕಾಫಿಪುಡಿಯದು.

ನನ್ನ ಮೊಮ್ಮಗಳು ಗಿರಿಜೆ ದುರ್ಗದಲ್ಲಿ ಹಾಸ್ಟೆಲಿನಲ್ಲಿದ್ದು ಕಾಲೇಜು ಓದುತ್ತಾಳೆ. ಅಲ್ಲಿಗೆ ಬಂದ ಹೊಸ ಮೇಷ್ಟ್ರು ಕಂಪ್ಯೂಟರ್ ಎಂಬ ಲೆಕ್ಕದ ಯಂತ್ರದ ಜೊತೆ ಮಾತಾಡಲು ಬೇಸಿಕ್ ಅನ್ನುವ ಭಾಷೆ ಕಲಿಸುತ್ತಿದ್ದರು. ಯಂತ್ರ ಮಾತ್ರ ದುರ್ಗದಲ್ಲಿಲ್ಲ. ಬಾವಿ ಇಲ್ಲದೆ ಈಜು ಕಲಿಸಿದ ಹಾಗೆ, ಎಲ್ಲವೂ ಬೋರ್ಡಿನ ಮೇಲೆ. ಸೋಮವಾರದ ಪರೀಕ್ಷೆಯಲ್ಲಿ ಪಾಸಾದವರನ್ನು ಬೆಂಗಳೂರಿಗೆ ಕರೆದೊಯ್ದು ಯಂತ್ರ ಮುಟ್ಟಿಸುತ್ತಾರಂತೆ. ಮುಟ್ಟಲೇಬೇಕೆಂದು ಇವಳ ಹಟ. ಆದರೂ ಶನಿವಾರ ಹಿರಿಯೂರಿಗೆ ಬಂದವಳು ಗೋಡೆಗೊರಗಿ ಅಳುತ್ತಾ ಕೂತಳು.

"ಏನೇ ಅದು, ಮಖ ಹಂಗೆ ಮಾಡ್ಕಂಡಿದೀಯ?"

"ಅಜ್ಜಿ, ಸಾಲಾಗಿ ಡಬ್ಬಿ ಅವೆ ಅನ್ಕೋ. ಎಲ್ಲಕ್ಕೂ ನಂಬರು. ಪಕ್ಕದಾಗೆ ಪಿ ಅಂತ ಒಂದು ಡಬ್ಬಿ, ಅದ್ರಾಗೆ ಮೂರು ಐತೆ. ಪಿ ತೋರಿಸಿದ ಡಬ್ಬಿಗೆ ಐವತ್ತು ಹಾಕು ಅಂತಾರೆ. ನಾನು ಪಿಗೇ ಹಾಕ್ತೀನಿ. ಮೇಷ್ಟ್ರು ತಪ್ಪು ಅಂತಾರೆ."

"ನಿಮ್ ಮೇಷ್ಟ್ರಿಗೆ ಬ್ಯಾರೆ ಕೆಲ್ಸ ಇಲ್ವೇನೇ? ಏಳು, ಸಂತೇಲಿ ತಂದ ಆ ಹೊಸ ಬೆಲ್ಲ ಎತ್ತಿಡು. ಬಟ್ಲು ನೋಡಿ ಹಾಕು."

ಈ ಬಟ್ಟಲಿನ ಸಂಗತಿ ಹೇಳಬೇಕು. ನಮ್ಮ ಯಜಮಾನರಿಗೆ ಸಕ್ಕರೆ ಕಾಯಿಲೆ. ಡಾಕ್ಟರು ಬೆಲ್ಲ ಬೇಡ ಅಂದ ದಿನದಿಂದ ಅವರ ಮೂಗು ಬೆಕ್ಕಿನ ಮೂಗಾಗಿದೆ. ಅದಕ್ಕೇ ವಾರಕ್ಕೊಂದು ಡಬ್ಬಿಯಲ್ಲಿ ಬೆಲ್ಲ ಬಚ್ಚಿಡುತ್ತೇನೆ. ಎಲ್ಲಿಟ್ಟೆನೆಂದು ನನಗೇ ಮರೆಯುತ್ತದೆ, ಸೊಸೆಗೂ ತಿಳಿಯಬೇಕು. ಚೀಟಿ ಬರೆದಿಟ್ಟರೆ ಯಜಮಾನರು ಓದಿಬಿಡುತ್ತಾರೆ. ಆದ್ದರಿಂದ ಒಲೆ ಪಕ್ಕದ ಬಟ್ಟಲಲ್ಲಿ ಒಂದು ಕಾಳು ಹಾಕಿಡುತ್ತೇನೆ. ತೊಗರಿ ಇದ್ದರೆ ಬೆಲ್ಲ ತೊಗರಿ ಡಬ್ಬಿಯಲ್ಲಿದೆ, ಅವರೆ ಇದ್ದರೆ ಅವರೆ ಡಬ್ಬಿಯಲ್ಲಿ.

ಹೋಗಿ ನೋಡಿದರೆ ಹುಡುಗಿ ಬೆಲ್ಲದ ಅಚ್ಚನ್ನು ಬಟ್ಟಲಲ್ಲೇ ಇಟ್ಟಿದ್ದಳು.

"ಕಾಳು ಎಲ್ಲೇ?"

"ಕಸ ಅಂತ ಎಸೆದೆ."

"ಹಾಳಾತು! ಹಳೇ ಬೆಲ್ಲ ಎಲ್ಲೈತೆ ಅಂತ ಇನ್ ಯಾರ್ ಹೇಳ್ತಾರೆ? ಬಟ್ಲಿಗೆ ಹಾಕು ಅಂದ್ನೇನೇ? ಬಟ್ಲು ತೋರಿಸಿದ ಡಬ್ಬಿಗೆ ಹಾಕ್ಬೇಕು!"

ಗಿರಿಜೆ ಬಾಯಿ ತೆರೆದು ನಿಂತಳು. "ಅಜ್ಜಿ, ಬಟ್ಲೇ ಪಿ, ಮೂರೇ ಕಾಳು! ಐವತ್ತು ಹೋಗ್ಬೇಕಾದ್ದು ಮೂರನೇ ಡಬ್ಬಿಗೆ! ನಾನು ಪಿಗೆ ಐವತ್ತು ತುಂಬಿ, ಒಳಗಿದ್ದ ಮೂರನ್ನ ಕಳೀತಿದ್ದೆ!"

"ನಿನ್ ಪಿ ಹಾಳಾಗ್ಲಿ, ಮೊದ್ಲು ಬೆಲ್ಲ ಹುಡುಕು."

ಬೆಲ್ಲ ತೊಗರಿಯಲ್ಲಿ ಸಿಕ್ಕಿತು. ಆಮೇಲೆ ಅವಳು ಡಬ್ಬಿಗಳನ್ನೆಲ್ಲ ನೆಲಕ್ಕಿಳಿಸಿ, ಕಾಳು ಬದಲಿಸಿ ಬದಲಿಸಿ, ಬೀದಿಗೆಲ್ಲ ಕೇಳುವಂತೆ ಪಾಠ ಒಪ್ಪಿಸಿದಳು. ಜಗುಲಿಯಲ್ಲಿ ಯಜಮಾನರು ಪೇಪರು ಓದುತ್ತಿದ್ದರು. ಓದುತ್ತಿದ್ದರೆಂದು ನಾನು ತಿಳಿದಿದ್ದೆ.

ಗಿರಿಜೆ ಪಾಸಾದಳು. ಬೆಂಗಳೂರಿಗೆ ಹೊರಡುವ ಮುಂಚೆ ನಮ್ಮನ್ನು ನೋಡಲು ಬಂದಾಗ, ದಾರಿಗೆ ಕೊಬ್ಬರಿ ಬೆಲ್ಲ ಕಟ್ಟಿಕೊಡೋಣವೆಂದು ಬಟ್ಟಲು ನೋಡಿದೆ. ತೊಗರಿ. ತೊಗರಿ ಡಬ್ಬಿ ತೆಗೆದರೆ ಬೆಲ್ಲವಿಲ್ಲ, ಮೇಲೊಂದು ಅವರೆಕಾಳು. ಅವರೆ ಡಬ್ಬಿಯಲ್ಲಿ ಒಂದು ಹುರುಳಿ. ಹುರುಳಿ ಡಬ್ಬಿಯ ತಳದಲ್ಲಿ ಬೆಲ್ಲ.

ಗಿರಿಜೆ ಚಪ್ಪಾಳೆ ತಟ್ಟಿದಳು. "ಅಜ್ಜಿ, ಇದು ನಮಗಿನ್ನೂ ಮಾಡದಿರೋ ಪಾಠ! ತಾತ ನಮ್ ಮೇಷ್ಟ್ರಿಗಿಂತ ಮುಂದೆ ಅವ್ರೆ!"

ಅಚ್ಚಿನ ಒಂದು ಮೂಲೆ ಮುರಿದಿತ್ತು. ಮಿಕ್ಕದ್ದನ್ನು ಕಟ್ಟಿಕೊಟ್ಟು ಹುಡುಗಿಯನ್ನು ಬಸ್ಸಿಗೆ ಕಳಿಸಿದೆ. ಮುರಿದ ಚೂರು ಯಾವ ಡಬ್ಬಿಗೆ ಹೋಯಿತೆಂದು ಹುಡುಕಲು ಕಾಳೇನೂ ಬೇಕಾಗಲಿಲ್ಲ. ಆ ಡಬ್ಬಿ ಜಗುಲಿಯ ಮೇಲೆ ಮೀಸೆ ಒರೆಸಿಕೊಳ್ಳುತ್ತಾ ಕೂತಿತ್ತು. ಬೈಯೋಣವೆಂದರೆ, ಪಾಠ ಶುರು ಮಾಡಿದವಳು ನಾನೇ.