ಸುಳ್ಳಿಗೆ ಒಂದು ತಿಂಗಳು

ಟೆಲಿಫೋನಿಗೂ ಮಡಿ ಉಂಟೆಂದು ನಂಬಿದ್ದ ಮನುಷ್ಯನನ್ನು ನೀವು ಕಂಡಿದ್ದೀರಾ? ನಾನು ಕಂಡಿದ್ದೇನೆ. ಅವರು ನನ್ನ ಸೋದರಮಾವ!

ಎಪ್ಪತ್ತರ ದಶಕದಲ್ಲಿ ಕಮ್ಮರಡಿಯ ನಮ್ಮ ಬೀದಿಗೆಲ್ಲ ಇದ್ದದ್ದು ಒಂದೇ ಫೋನು, ಅದೂ ಮಾವನ ಜವಳಿ ಅಂಗಡಿಯಲ್ಲಿ. ಅದರ ಮೇಲೆ ಕಸೂತಿ ಹಾಕಿದ ಬಟ್ಟೆ. ಗೋಡೆಯ ಮೇಲೆ, ಸೀರೆ ಡಬ್ಬದ ರಟ್ಟಿನಲ್ಲಿ ಮಾವ ಕೈಯಾರೆ ಬರೆದ ಕಟ್ಟಳೆಗಳು. ಎಲೆಯಡಿಕೆ ಉಗುಳಿ ಬಂದು ಮಾತಾಡಬೇಕು. ಎಕ್ಸ್‌ಚೇಂಜಿನವರನ್ನು ಗದರಬಾರದು. ನೆಂಟರ ಮೇಲೆ ಚಾಡಿ ಹೇಳುವವರು ಕಾರ್ಡು ಬರೆಯಬೇಕು, ಫೋನು ಕೊಡಲಾಗುವುದಿಲ್ಲ. ಕೊನೆಯದು ಕೆಂಪು ಶಾಯಿಯಲ್ಲಿ: ಫೋನಿನಲ್ಲಾಗಲಿ, ಫೋನಿನಲ್ಲಿ ಬಂದ ಸುದ್ದಿಯ ವಿಷಯದಲ್ಲಾಗಲಿ ಸುಳ್ಳು ಹೇಳಿದವರಿಗೆ, ಒಂದು ಸುಳ್ಳಿಗೆ ಒಂದು ತಿಂಗಳು ಫೋನಿಲ್ಲ.

ಇದನ್ನು ತಮಾಷೆಯೆಂದುಕೊಂಡಿರೋ, ಕೆಟ್ಟಿರಿ. ಮೇಷ್ಟ್ರೊಬ್ಬರು ಹೆಂಡತಿಯ ತವರಿಗೆ ಫೋನ್ ಮಾಡಿ, "ಕಾಲು ಉಳುಕಿದೆ, ಮದುವೆಗೆ ಬರೋಕಾಗಲ್ಲ" ಎಂದರು. ಮಾವ ರಿಸೀವರ್ ಕಸಿದುಕೊಂಡು, "ಇಲ್ಲಿಗೆ ನಡ್ಕಂಡೇ ಬಂದಿದಾರೆ, ಕಾಲು ಸರಿಯಾಗೇ ಇದೆ" ಎಂದು ತಿದ್ದುಪಡಿ ಕೊಟ್ಟರು! ಮೇಷ್ಟ್ರು ಮದುವೆಗೂ ಹೋಗಬೇಕಾಯಿತು, ಫೋನೂ ಹೋಯಿತು.

ಇಂಥವರ ಕೈಗೆ ನಾನು ಸಿಕ್ಕಿಬಿದ್ದೆ. ನನ್ನದು ಹಂಚಿನ ವ್ಯಾಪಾರ. ಬರಿಗೈಯಲ್ಲಿ ಶುರು ಮಾಡಿದವನು, ಬಾಯೇ ಬಂಡವಾಳ. ಮಳೆಗೆ ಹದಿನೈದು ದಿನವಿರುವಾಗ ಎನ್.ಆರ್. ಪುರದ ಅಕ್ಕಿ ಗಿರಣಿಯೊಂದರ ಮಾಡಿಗೆ ಹಂಚು ಒಪ್ಪಿಕೊಂಡಿದ್ದೆ. ಅಷ್ಟು ದೊಡ್ಡ ಆರ್ಡರು ನನಗೆ ಅದುವರೆಗೆ ಸಿಕ್ಕಿರಲಿಲ್ಲ. ಗಿರಣಿಯವರು ಬೇರೆ ಕಡೆ ನೋಡಿಯಾರೆಂಬ ಹೆದರಿಕೆಗೆ ಮಾವನ ಫೋನಿನಲ್ಲಿ, "ಮಂಗಳೂರಿನ ಲಾರಿ ಘಾಟಿ ಹತ್ತಿ ಆಯ್ತು ಸ್ವಾಮಿ" ಎಂದುಬಿಟ್ಟೆ. ಲಾರಿಗೆ ಇನ್ನೂ ಹಂಚೇ ತುಂಬಿರಲಿಲ್ಲ; ಮಂಗಳೂರಿನ ಕಾರ್ಖಾನೆಯವರು ಹಾಗೆಂದದ್ದೂ ಇದೇ ಫೋನಿನಲ್ಲಿ, ಮಾವನ ಎದುರಿಗೇ.

"ಎಲ್ಲಿ ಹತ್ತಿತು ಮಾರಾಯ ಲಾರಿ?" ಮಾವ ಕೇಳಿದರು.

"ವ್ಯಾಪಾರ ಅಂದ್ಮೇಲೆ ಇಷ್ಟು ಇರ್ತದೆ ಮಾವ."

"ಇರ್ಲಿ. ನಿನ್ನ ಅಂಗಡೀಲಿ ಇರ್ಲಿ. ಒಂದು ತಿಂಗಳು ಇದನ್ನ ಮುಟ್ಬೇಡ."

ರಟ್ಟಿನ ಕೆಳಗೆ ನನ್ನ ಹೆಸರು ಬಿತ್ತು. ಫೋನಿಲ್ಲದೆ ಮಂಗಳೂರಿನವರನ್ನು ಅವಸರಪಡಿಸುವುದು ಹೇಗೆ? ದಿನವೂ ಅಂಗಡಿಯ ಬೆಂಚಿನ ಮೇಲೆ ಕೂತು ಗೋಗರೆದೆ. ಒಂದು ತಿಂಗಳನ್ನು ಇಪ್ಪತ್ತು ದಿನಕ್ಕೆ, ಹತ್ತು ದಿನಕ್ಕೆ ಇಳಿಸಲು ಚೌಕಾಸಿ ಮಾಡಿದೆ. ನಿಮಗೊಂದು ಬುದ್ಧಿಮಾತು ಹೇಳುತ್ತೇನೆ: ನಮ್ಮಿಂದ ಏನೂ ಬೇಡದವರ ಹತ್ತಿರ ಚೌಕಾಸಿಗೆ ಕೂರಲೇಬೇಡಿ.

ಐದನೆಯ ದಿನ ಬೆಳಿಗ್ಗೆ ಫೋನು ಬಂತು. "ಹೌದಾ... ಯಾವಾಗ ಹೋದ್ರು?... ಮಣ್ಣು ಸಾಯಂಕಾಲವಾ?" ಎಂದು ಮಾವ ಸಣ್ಣ ದನಿಯಲ್ಲಿ ಕೇಳಿ ರಿಸೀವರ್ ಇಟ್ಟರು. ಪಕ್ಕದ ಬಳೆ ಅಂಗಡಿಯ ಖತೀಜಮ್ಮನ ಅಣ್ಣ ಉಡುಪಿಯಲ್ಲಿ ತೀರಿಕೊಂಡಿದ್ದರು. ಮಾವ ಬಾಡಿಗೆ ಕಾರಿಗೆ ಹೇಳಿಕಳಿಸಿ, ತಾವೇ ಹೋಗಿ ಅವರ ಅಂಗಡಿಯ ಮುಂದೆ ನಿಂತರು.

"ನಿಮ್ಮಣ್ಣಂಗೆ ಹುಷಾರಿಲ್ವಂತೆ. ಹೊರಡಿ."

"ಜೀವ ಉಂಟಲ್ಲ ಸಾಹುಕಾರ್ರೇ?"

"ಉಂಟು."

"ಮಾತಾಡ್ತಾನಂತಾ?"

"ಹ್ಞೂ, ಆಡ್ತಾರಂತೆ."

ಕಾರು ಹತ್ತುವಾಗ ಖತೀಜಮ್ಮ ಮತ್ತೆ ತಿರುಗಿದರು. "ನಾನು ಹೋಗೋ ತನಕ ಇರ್ತಾನಲ್ಲ?"

"ಇರ್ತಾರೆ. ಧೈರ್ಯವಾಗಿ ಹೋಗಿ." ಮಾವ ಅತ್ತೆಯನ್ನೂ ಅವರ ಜೊತೆ ಕೂರಿಸಿ ಕಳಿಸಿದರು.

ಕಾರು ತಿರುವು ದಾಟಿದ್ದೇ ತಡ, ನಾನು ನನ್ನ ವ್ಯಾಪಾರ ಬಿಚ್ಚಿದೆ. "ಮಾವ, ಈಗ ನಾನೂ ಒಂದೇ, ನೀವೂ ಒಂದೇ. ನನ್ನ ಹೆಸರು ಹೊಡೆದುಹಾಕಿ, ನಾನೂ ಬಾಯಿ ಬಿಡಲ್ಲ."

ಮಾವ ಒಳಗೆ ಹೋದರು. ಕೆಂಪು ಶಾಯಿಯಲ್ಲಿ ನನ್ನ ಹೆಸರಿನ ಕೆಳಗೆ ತಮ್ಮ ಹೆಸರು ಬರೆದರು. ಮುಂದೆ, ಮೂರು ತಿಂಗಳು.

"ಮೂರು ಯಾಕೆ ಮಾವ?"

"ಮೂರು ಸಲ ಕೇಳಿದ್ರಲ್ಲ ಮಾರಾಯ. ಮೂರು ಸಲಾನೂ ನನ್ನ ಮುಖಾನೇ ನೋಡ್ತಿದ್ರು."

ಬಂದು ಬೆಂಚಿನ ಮೇಲೆ ನನ್ನ ಪಕ್ಕ ಕೂತರು. ಸ್ವಲ್ಪ ಹೊತ್ತಿಗೆ ಒಳಗೆ ಫೋನು ಹೊಡೆದುಕೊಳ್ಳತೊಡಗಿತು. ಮಂಗಳೂರಿನದೇ ಇರಬೇಕು. ಅಂಗಡಿಯಲ್ಲಿ ಬೇರೆ ಯಾರೂ ಇರಲಿಲ್ಲ.

"ಹೋಗಾ, ಎತ್ತು. ನಿನ್ನ ಶಿಕ್ಷೆ ಬಿಟ್ಟಿದೀನಿ," ಎಂದರು ಮಾವ, ಮುಖ ಆ ಕಡೆ ತಿರುಗಿಸಿ.

ಗಿರಣಿಯ ಮಾಡಿಗೆ ಆ ವರ್ಷ ಬೇರೆ ಯಾರದೋ ಹಂಚು ಕೂತಿತು. ನಾನು ಏಳಲಿಲ್ಲ. ಫೋನು ಸುಮ್ಮನಾಗುವವರೆಗೂ ಮಾವನ ಕೈ ಹಿಡಿದುಕೊಂಡು ಕೂತಿದ್ದೆ.