ಗರಿಕೆಗೆ ಬಂದವರ ಕೈಗೆ ಪಾಚಿ

ಕಣ್ಣಿಗೆ ಹಸಿರು ಕಂಡರೆ ಸಾಕು, ಎಲ್ಲ ಚೆನ್ನಾಗಿದೆ ಎಂದು ನಂಬುವುದು ನಮ್ಮ ಬಿಸಿಲು ನಾಡಿನವರ ದೌರ್ಬಲ್ಯ. ಬೇಸಿಗೆಯಲ್ಲಿ ಹಸಿರು ಬಣ್ಣ ಬಳಿದ ಗೋಡೆಯ ಪಕ್ಕ ನಿಂತರೂ ನಮಗೆ ತಂಪೆನಿಸುತ್ತದೆ. ಆದ್ದರಿಂದ ಸೇಡಂನ ನಮ್ಮ ಅಂಗಳದಲ್ಲಿ ಪಾಚಿ ಹಬ್ಬಿದಾಗ, ಅದನ್ನು ಹುಲ್ಲೆಂದೇ ತಿಳಿದು ಬಂದವರಿಗೆಲ್ಲ ಹೆಮ್ಮೆಯಿಂದ ತೋರಿಸಿದ್ದು ನನ್ನೊಬ್ಬಳ ತಪ್ಪೇನಲ್ಲ.

ಆ ಹುಲ್ಲುಹಾಸು ನಮ್ಮ ಯಜಮಾನರದು. ನಮ್ಮ ಕಡೆ ಅಂಗಳವೆಂದರೆ ಫರಸಿ. ಊರ ಸುತ್ತ ನೆಲ ಅಗೆದಲ್ಲೆಲ್ಲ ಹಾಸುಗಲ್ಲು ಸಿಗುವುದರಿಂದ ನೆಲಕ್ಕೂ ಅದೇ, ಅಡುಗೆಕಟ್ಟೆಗೂ ಅದೇ, ಬಚ್ಚಲಿಗೂ ಅದೇ. ಇವರು ಮಾತ್ರ ಶಾಲೆಯ ನೌಕರಿ ಮುಗಿಸಿ ಬಂದವರೇ ಬೇವಿನ ಮರದ ಕೆಳಗೆ ಗರಿಕೆ ನೆಟ್ಟರು. "ಮನ್ಯಾಗ ಆಕಳಿಲ್ಲ, ಎಮ್ಮಿ ಇಲ್ಲ. ಈ ಹುಲ್ಲು ಯಾರು ತಿನ್ಲಿಕ್ಕರಿ?" ಎಂದೆ. "ನನ್ನ ಕಣ್ಣು ತಿಂತಾವ. ನೀ ಚಹಾ ಮಾಡು ಹೋಗು" ಎಂದರು.

ಹೋದ ವರ್ಷ ಪುಷ್ಯ ಮಾಸದಲ್ಲಿ ಅವರು ತೀರಿಕೊಂಡರು. ಹುಲ್ಲು ನನ್ನ ಪಾಲಿಗೆ ಬಂತು. ನನಗೆ ಗೊತ್ತಿದ್ದದ್ದು ನೀರು ಹಾಕುವುದೊಂದೇ. ನಮ್ಮಲ್ಲಿ ದಿನಾ ಬೆಳಿಗ್ಗೆ ನಳದ ನೀರು ಬಂದ ಕೂಡಲೇ ಕೊಡದಲ್ಲಿದ್ದದ್ದು ಒಮ್ಮೆಲೇ 'ಹಳೇದು' ಆಗಿಬಿಡುತ್ತದೆ. ಹಳಸಿದ ಅನ್ನದಂತೆ ಅದನ್ನು ಚೆಲ್ಲಿಯೇ ಹೊಸದು ಹಿಡಿಯಬೇಕು. ನಾನೋ ಇಬ್ಬರಿಗೆ ಹಿಡಿದ ಅಭ್ಯಾಸದಲ್ಲಿ ಈಗಲೂ ಅಷ್ಟೇ ಕೊಡ ತುಂಬುತ್ತಿದ್ದೆ. ಉಳಿದದ್ದೆಲ್ಲ ಹುಲ್ಲಿಗೆ. ಮಳೆಗಾಲದಲ್ಲೂ ನಿಲ್ಲಿಸಲಿಲ್ಲ. ಅವರ ಹುಲ್ಲು ಬಾಯಾರಬಾರದು, ಅಷ್ಟೇ.

ಗಣೇಶನ ಚೌತಿಯ ಬೆಳಿಗ್ಗೆ ಪಕ್ಕದ ಮನೆಯ ಶರಣಮ್ಮ ಪೂಜೆಗೆ ಗರಿಕೆ ಕೀಳಲು ಬಂದರು. ಬಗ್ಗಿದವರು ಬಗ್ಗಿಯೇ ಇದ್ದರು. ಆಮೇಲೆ ಒಂದು ಹಿಡಿ ಮೆತ್ತನೆಯ ಹಸಿರನ್ನು ನನ್ನ ಮುಖದ ಮುಂದೆ ಹಿಡಿದರು. "ಅಕ್ಕಾರ, ಗರಿಕಿ ಎಲ್ಲದರಿ? ಇದು ಬರೇ ಪಾಚಿ! ಇದನ್ನ ಏರಿಸಿದ್ರ ಗಣಪ್ಪನೂ ಜಾರಿ ಬೀಳ್ತಾನ!"

ಸುದ್ದಿ ಚಿತ್ತಾಪುರದಲ್ಲಿರುವ ನನ್ನ ನಾದಿನಿ ಸುಧಾಳಿಗೆ ಮುಟ್ಟಿತು. ಮರುದಿನವೇ ರೈಲು ಹತ್ತಿ ಬಂದಳು. "ವೈನಿ, ಅಣ್ಣನ ವರ್ಷಾಂತಿಕಕ್ಕ ವಯಸ್ಸಾದ ಮಂದಿ ಬರ್ತಾರ. ಯಾರರೆ ಜಾರಿ ಸೊಂಟ ಮುರ್ಕೊಂಡ್ರ? ಎಲ್ಲಾ ಕಿತ್ತಿ ಫರಸಿ ಹಾಕ್ಸಿಬಿಡೋಣು" ಎಂದಳು. ಹೇಳಿ ಸುಮ್ಮನಾಗುವ ಹೆಂಗಸಲ್ಲ ಅವಳು. ವಾರ ಕಳೆಯುವುದರೊಳಗೆ ಟೆಂಪೋದವರು ಬಂದು ಕಲ್ಲು ಇಳಿಸಿ ಕಂಪೌಂಡಿಗೆ ಒರಗಿಸಿ ಹೋದರು. ವರ್ಷಾಂತಿಕದೊಳಗೆ ಹುಲ್ಲು ಬಂದರೆ ಹುಲ್ಲು, ಇಲ್ಲವಾದರೆ ಕಲ್ಲು ಎಂದು ಅವಳಿಂದ ಮಾತು ತೆಗೆದುಕೊಂಡೆ. ಆ ಕಲ್ಲುಗಳನ್ನು ನೋಡಿದಾಗಲೆಲ್ಲ, ಅವರನ್ನು ಇನ್ನೊಮ್ಮೆ ಮನೆಯಿಂದ ಕಳಿಸುತ್ತಿದ್ದೇವೆ ಎನಿಸುತ್ತಿತ್ತು.

"ಸುಣ್ಣಾ ಹೊಡೀರಿ" ಎಂದರು ಶರಣಮ್ಮ. ಹೊಡೆದೆ. ಸುಣ್ಣದ ಕಲ್ಲಿನ ನಾಡಿನಲ್ಲಿ ಹುಟ್ಟಿದ ಪಾಚಿ ಅದು, ಸುಣ್ಣಕ್ಕೆ ಹೆದರೀತೇ? ನಾಲ್ಕು ದಿನ ಅಂಗಳ ಮದುವೆಮನೆಯಂತೆ ಬೆಳ್ಳಗೆ ಕಂಡಿತು. ಮಳೆ ಬಂತು. ಪಾಚಿ ಮುಖ ತೊಳೆದುಕೊಂಡು ಮತ್ತೆ ಹಸಿರಾಯಿತು.

ಸೋತು ಮೆಟ್ಟಿಲ ಮೇಲೆ ಕುಳಿತಾಗ ಒಂದು ಸಂಗತಿ ಕಣ್ಣಿಗೆ ಬಿತ್ತು. ಬಿಸಿಲು ತಾಗುವ ಮೂಲೆಯಲ್ಲಿ ಗರಿಕೆ ನೆಟ್ಟಗಿತ್ತು. ಬೇವಿನ ನೆರಳಿನಲ್ಲಿ, ಅದರಲ್ಲೂ ನಾನು ದಿನವೂ ನಿಂತು ಕೊಡ ಬಗ್ಗಿಸುವಲ್ಲಿ, ನೆಲ ತುಳಿದು ತುಳಿದು ಗಟ್ಟಿಯಾಗಿ ನೀರು ಇಂಗದೆ ಪಾಚಿ ದಪ್ಪನಾಗಿತ್ತು. ಇಷ್ಟು ದಿನ ನಾನು ಸಾಕುತ್ತಿದ್ದದ್ದು ಅವರ ಹುಲ್ಲನ್ನಲ್ಲ, ಅದರ ವೈರಿಯನ್ನು.

ಸೀರೆ ಎತ್ತಿ ಕಟ್ಟಿದೆ. ಬೇವಿನ ಕೆಳಗಿನ ಕೊಂಬೆಗಳನ್ನು ಕಡಿಸಿದೆ. ಪಾಚಿಯನ್ನು ಕೆರೆದು ಬುಟ್ಟಿ ಬುಟ್ಟಿ ಹೊರಗೆ ಹಾಕಿದೆ. ಹಾರೆಯಿಂದ ನೆಲಕ್ಕೆ ತೂತು ಹೊಡೆದು ಮರಳು ತುಂಬಿ, ಬಿಸಿಲಿನ ಮೂಲೆಯ ಗರಿಕೆಯನ್ನೇ ಕಿತ್ತು ತಂದು ಊರಿದೆ. ಇದೆಲ್ಲ ಸುಲಭ. ಕಷ್ಟವಾದದ್ದು ನೀರು ನಿಲ್ಲಿಸುವುದು. ಗರಿಕೆ ಬೇರು ಹಿಡಿದ ಮೇಲೆ, ಮಣ್ಣು ಒಣಗಿದರಷ್ಟೇ ನೀರು ಎಂದು ನೇಮ ಮಾಡಿಕೊಂಡೆ. ಬೆಳಗಾದರೆ ಕೈ ತಾನೇ ಕೊಡದ ಕಡೆ ಹೋಗುತ್ತಿತ್ತು. ಕೊನೆಗೆ ಒಬ್ಬಳಿಗೆ ಬೇಕಾಗುವಷ್ಟೇ ಹಿಡಿದು, ಉಳಿದರೆ ಮರುದಿನವೂ ಅದನ್ನೇ ಕುಡಿಯತೊಡಗಿದೆ.

ಶರಣಮ್ಮ ಎದೆ ಹಿಡಿದುಕೊಂಡರು. "ನಿನ್ನಿ ನೀರು ಕುಡ್ಯಾಕತ್ತೀರೇನ್ರಿ? ಅಯ್ಯ ಶಿವನೇ!"

"ನಳಕ್ಕ ಬರೋ ಕಾಗಿಣಾ ಹೊಳ್ಯಾಗಿನ ನೀರು ಇವತ್ತ ಮುಂಜಾನಿದೇನು, ಶರಣಮ್ಮ?"

ವರ್ಷಾಂತಿಕಕ್ಕೆ ಬಂದ ಸುಧಾ ಬಾಗಿಲಲ್ಲೇ ನಿಂತಳು. ಚಪ್ಪಲಿ ಬಿಟ್ಟು, ಪರೀಕ್ಷಕರಂತೆ ಹುಲ್ಲಿನ ಮೇಲೆ ಆಚೆಯಿಂದ ಈಚೆ ನಡೆದಳು. ಜಾರಲಿಲ್ಲ. ಊಟವಾದ ಮೇಲೆ ಅಲ್ಲೇ ಕಾಲು ಚಾಚಿ ಕುಳಿತವಳು ರೈಲಿನ ಹೊತ್ತಾದರೂ ಏಳಲಿಲ್ಲ. "ಗೆದ್ರಿ ಬಿಡ್ರಿ, ವೈನಿ" ಎಂದಳು. ನಾನು ವಿನಯದಿಂದ ತಲೆ ತಗ್ಗಿಸಲು ನೋಡಿದೆ, ಆಗಲಿಲ್ಲ. ಕಲ್ಲುಗಳನ್ನು ಅವಳೇ ಚಿತ್ತಾಪುರಕ್ಕೆ ಸಾಗಿಸಿ ತನ್ನ ಹಿತ್ತಲಿಗೆ ಹಾಸಿಸಿಕೊಂಡಳು.

ಈ ಮಳೆಗಾಲದಲ್ಲಿ ಅವಳ ಫೋನ್ ಬಂತು. "ವೈನಿ, ಫರಸಿ ಮ್ಯಾಲ ಪಾಚಿ ಹಿಡದದರಿ. ನಮ್ಮನಿಯವರು ಜಾರಿ ಕುಂತಬಿಟ್ಟಾರ. ಇದಕ್ಕೇನ್ ಮಾಡ್ಬೇಕ್ರಿ?"

ಪೆಟ್ಟಾಯಿತೇ ಎಂದು ಮೊದಲು ಕೇಳಬೇಕಾಗಿತ್ತು. ಕೇಳಿದೆ, ಆದರೆ ನಕ್ಕು ಮುಗಿದ ಮೇಲೆ. ಆ ನಗೆಗೆ ಬೇವಿನ ಮರದ ಗುಬ್ಬಿಗಳೂ ಎದ್ದು ಹಾರಿದವು. ಗೋಡೆಯಾಚೆಯಿಂದ ಶರಣಮ್ಮ ಇಣುಕಿದರು. "ಯಾರು ಬಂದಾರ್ರಿ ಮನಿಗೆ? ಭಾಳ ನಗಿ ಕೇಳಾಕತ್ತದ?"

"ಯಾರೂ ಇಲ್ಲ, ಶರಣಮ್ಮ" ಎಂದೆ. "ನಾನೇ."