ಒಳಗೆ ಬಿಟ್ಟ ಎರಡಿಂಚು

ನನ್ನ ಸೋದರತ್ತೆ ನಮ್ಮ ಮನೆಯ ಒಂದೇ ಒಂದು ಮದುವೆಗೂ ಬಂದಿಲ್ಲ! ಇದನ್ನು ನಾನು ಹೇಳುತ್ತಿಲ್ಲ, ಫೋಟೋ ಆಲ್ಬಮ್ಮುಗಳು ಹೇಳುತ್ತವೆ. ಚಿಕ್ಕಪ್ಪಂದಿರ ಮದುವೆಯಿಂದ ಹಿಡಿದು ನನ್ನ ಮದುವೆಯವರೆಗೆ ಅಷ್ಟೂ ಆಲ್ಬಮ್ ತಿರುವಿಹಾಕಿ, ಅತ್ತೆಯ ಮೂಗಿನ ತುದಿಯೂ ಸಿಗುವುದಿಲ್ಲ. ಯಾರ ಕಡೆಯವರೆಂದು ಇವತ್ತಿಗೂ ಗೊತ್ತಾಗದ ಒಬ್ಬ ಮಹಾನುಭಾವರು ಮೂರು ಫೋಟೋಗಳಲ್ಲಿ ನಗುತ್ತಿದ್ದಾರೆ. ಛತ್ರದ ನಾಯಿ ಎರಡರಲ್ಲಿದೆ. ಅತ್ತೆ ಮಾತ್ರ ಇಲ್ಲ!

ಹಾಗಂತ ಅವಳಿಲ್ಲದೆ ನಮ್ಮ ಮನೆಯ ಮದುವೆಗಳು ನಡೆಯುತ್ತಿದ್ದವೇ? ಒಂಟಿಕೊಪ್ಪಲಿನ ಅಜ್ಜಿಮನೆಯ ಮುಂದಿನ ಕೋಣೆಯೇ ಅವಳ ಟೈಲರಿಂಗ್ ಅಂಗಡಿ. ಕೊರಳಲ್ಲಿ ಅಳತೆ ಟೇಪು, ಬಳೆಗೆ ಸಿಕ್ಕಿಸಿದ ಪಿನ್ನುಗಳ ಗೊಂಚಲು. ಇವೆರಡೇ ಅವಳ ಒಡವೆ. "ಮದುವೆ ಯಾಕೆ ಆಗ್ಲಿಲ್ಲ ಅತ್ತೆ?" ಎಂದು ಒಮ್ಮೆ ಕೇಳಿಬಿಟ್ಟಿದ್ದೆ.

"ನನ್ನ ಅಳತೆಗೆ ಸರಿಯಾದೋನು ಸಿಗ್ಲಿಲ್ಲ ಕಣೇ. ಸಿಕ್ಕೋರಿಗೆಲ್ಲ ಆಲ್ಟ್ರೇಷನ್ ಜಾಸ್ತಿ ಇತ್ತು."

ಅಳತೆ ತೆಗೆಯುವಾಗ ಅತ್ತೆಯ ಮುಂದೆ ಯಾರೂ ಉಸಿರಾಡುವಂತಿರಲಿಲ್ಲ. ದೊಡ್ಡ ಆಫೀಸರರ ಹೆಂಡತಿಯಾದರೂ ಅಷ್ಟೇ, ಸೊಪ್ಪು ಮಾರುವಾಕೆಯಾದರೂ ಅಷ್ಟೇ, "ಅಲ್ಲಾಡಬೇಡ ಕಣಮ್ಮ, ಅಳತೆ ತಪ್ಪುತ್ತೆ!" ಎಂದು ಗದರುವಳು. ಮದುಮಗಳು ರವಿಕೆ ತೆಗೆದುಕೊಂಡು ಹೋಗಲು ಬಂದರೆ ಆಶೀರ್ವಾದದ ಜೊತೆಗೆ ಒಂದು ಎಚ್ಚರಿಕೆಯೂ ಉಚಿತ. "ಒಳಗಡೆ ಎರಡಿಂಚು ಬಟ್ಟೆ ಬಿಟ್ಟಿದ್ದೀನಿ. ಮದುವೆ ಆದ್ಮೇಲೆ ಊದ್ಕೋತೀಯಲ್ಲ, ಆಗ ಬಾ, ಬಿಚ್ಚಿ ಸಡಿಲ ಮಾಡಿಕೊಡ್ತೀನಿ." ನನಗೂ ಹೀಗೇ ಹೇಳಿದಾಗ ಮೈಯೆಲ್ಲ ಉರಿದಿತ್ತು. ಆರು ತಿಂಗಳಿಗೆ ಅದೇ ರವಿಕೆಯನ್ನು ಸೆರಗಿನಲ್ಲಿ ಬಚ್ಚಿಟ್ಟುಕೊಂಡು ಅವಳ ಬಾಗಿಲಿಗೆ ಹೋದೆ!

ಇಂಥವಳು ಕ್ಯಾಮೆರಾ ಕಂಡರೆ ಮಾಯ. "ಫ್ಯಾಮಿಲಿ ಫೋಟೋ, ಎಲ್ಲ ಬನ್ನಿ" ಎಂಬ ಕೂಗು ಬಿದ್ದ ತಕ್ಷಣ ಯಾರದೋ ಹುಕ್ಕು ಕಿತ್ತುಹೋಗುತ್ತಿತ್ತು, ಇನ್ಯಾರದೋ ನೆರಿಗೆ ಜಾರುತ್ತಿತ್ತು. ಅತ್ತೆ ಓಡುತ್ತಿದ್ದಳು. ಇದರಿಂದ ನಿಜವಾಗಿ ಸಂಕಟಪಟ್ಟವಳು ಅಜ್ಜಿ. ಅಜ್ಜಿಗೆ ನಾಲ್ಕು ಮಕ್ಕಳು: ನಮ್ಮಪ್ಪ, ಇಬ್ಬರು ಚಿಕ್ಕಪ್ಪಂದಿರು, ಅತ್ತೆ. ಗೋಡೆಯ ಮೇಲಿದ್ದ ಪಟದಲ್ಲಿ ಅಜ್ಜಿಯ ಸುತ್ತ ಇದ್ದದ್ದು ಮೂರೇ.

"ನಾಲ್ಕು ಹೆತ್ತೆ, ಮೂರು ಗೋಡೆಗೆ ಬಂದ್ವು" ಎಂದು ಅಜ್ಜಿ ದಿನಾ ರಾಗ ತೆಗೆಯುತ್ತಿದ್ದಳು.

"ನಾಲ್ಕನೇದು ಕಣ್ಮುಂದೇನೇ ಕೂತಿದೆಯಲ್ಲವ್ವ, ನೋಡ್ಕೋ."

"ಕಣ್ಮುಂದೆ ಇರೋದು ಬೇರೆ, ಗೋಡೆ ಮೇಲಿರೋದು ಬೇರೆ ಕಣೇ. ನಾಲ್ಕನ್ನೂ ಒಂದ್ಕಡೆ ನೋಡ್ದೆ ನಾನು ಹೋಗಲ್ಲ."

"ಹಂಗಾದ್ರೆ ಬರೋದೇ ಇಲ್ಲ ನಾನು. ನೂರು ವರ್ಷ ಇರು!"

ಈ ಮಾತಿಗೆ ಅಜ್ಜಿ ನಕ್ಕುಬಿಡುತ್ತಿದ್ದಳು. ಆದರೆ ಆಸೆ ಹಾಗೇ ಉಳಿದಿತ್ತು.

ತೊಂಬತ್ತರ ದಶಕದಲ್ಲಿ ಮದುವೆಯ ವಿಡಿಯೋ ಕ್ಯಾಸೆಟ್ ಬಂತೆಂದರೆ ಬೀದಿಯ ಜನರೆಲ್ಲ ಟೀವಿ ಮುಂದೆ ಕೂರುತ್ತಿದ್ದೆವು. ಅತ್ತೆಗೆ ಮಾತ್ರ ಮದುವೆ ಕಾಣುತ್ತಿರಲಿಲ್ಲ, ರವಿಕೆಗಳು ಕಾಣುತ್ತಿದ್ದವು. "ನಿಲ್ಸು, ನಿಲ್ಸು! ಆ ಹಸಿರು ರವಿಕೆ ತೋಳು ನೋಡು, ಅದು ನನ್ನ ಹೊಲಿಗೆ ಅಲ್ಲ!" ಹೀಗೆ ನಿಲ್ಲಿಸಿ ನಿಲ್ಲಿಸಿ ವಿಸಿಆರಿನ ಪಾಝ್ ಗುಂಡಿ ಒಳಗೇ ಹೋಗಿಬಿಟ್ಟಿತು. ವಿಡಿಯೋದವನ ಕೈಚಳಕವನ್ನಂತೂ ಅವಳು ಕ್ಷಮಿಸಲೇ ಇಲ್ಲ. ನನ್ನ ಮುಖವನ್ನು ತಾವರೆಯೊಳಗೆ ಅರಳಿಸಿ, ನಮ್ಮ ಮನೆಯವರನ್ನು ಚಂದ್ರನೊಳಗೆ ಕೂರಿಸಿ, ಇಬ್ಬರನ್ನೂ ಗರಗರ ತಿರುಗಿಸಿ ಹೃದಯದಾಕಾರದಲ್ಲಿ ಸೇರಿಸಿದ್ದ ಪುಣ್ಯಾತ್ಮ! "ಹೊಲಿಗೆ ಅಂದ್ರೆ ಕಾಣಬಾರದು. ಇವನು ಹೊಲಿಗೆ ಮೇಲೇ ಜರಿ ಹಚ್ಚಿದ್ದಾನೆ. ಕತ್ತರಿ ಹಿಡಿಯೋಕೆ ಬರದೋನು" ಎಂದು ತೀರ್ಪಿತ್ತಳು.

ಮುಂದೆ ನಾನು ಊರಿನ ಇನ್ನೊಂದು ತುದಿಯ ಶ್ರೀರಾಂಪುರದ ನಮ್ಮ ಮನೆಯಲ್ಲಿ ಲಗ್ನಪತ್ರಿಕೆಗಳ ಡಿಟಿಪಿ ಕೆಲಸಕ್ಕೆಂದು ಕಂಪ್ಯೂಟರ್ ತಂದೆ. ಮಾರಿದವರು ಬೇಕು ಬೇಡ ಕೇಳದೆ ಅದರೊಳಗೆ ವಿಡಿಯೋ ಎಡಿಟಿಂಗ್ ಸಾಫ್ಟ್‌ವೇರನ್ನೂ ತುಂಬಿ, ಕ್ಯಾಸೆಟ್ಟಿನ ಚಿತ್ರ ಒಳಗೆ ಇಳಿಸಿಕೊಳ್ಳುವ ಕಾರ್ಡೊಂದನ್ನು ಹಾಕಿಕೊಟ್ಟಿದ್ದರು. ಇದು ಅತ್ತೆಯ ಕಿವಿಗೆ ಬಿದ್ದದ್ದೇ ತಡ, ಮೂರು ಮದುವೆಗಳ ಕ್ಯಾಸೆಟ್ಟುಗಳನ್ನು ಬಟ್ಟೆ ಚೀಲದಲ್ಲಿ ತುಂಬಿಕೊಂಡು, ಎರಡು ಬಸ್ಸು ಬದಲಾಯಿಸಿ, ನಮ್ಮ ಮನೆಗೆ ಬಂದಿಳಿದಳು.

"ಅವ್ವನಿಗೆ ಕಣ್ಣಿನ ಪೊರೆ ತೆಗೆದಿದ್ದಾರೆ. ಸೂಜಿಗೆ ತಾನೇ ದಾರ ಪೋಣಿಸ್ತೀನಿ ಅಂತ ಮೆರೀತಿದ್ದಾಳೆ. ಹೊಸ ಕಣ್ಣಿಗೆ ಏನಾದ್ರೂ ತೋರ್ಸ್ಬೇಕಲ್ಲ? ಮೂರು ಮದುವೇನೂ ಸೇರ್ಸಿ ಒಂದು ಸೀಡಿ ಮಾಡ್ಬುಡೋಣ. ಯುಗಾದಿಗೆ ಎಲ್ಲ ಬರ್ತಾರೆ."

"ಅಜ್ಜಿ ನೋಡ್ಬೇಕು ಅನ್ನೋದು ನಿನ್ನನ್ನ, ಅತ್ತೆ."

"ಇರ್ತೀನಿ ಬುಡು, ಅಲ್ಲಿ ಇಲ್ಲಿ" ಎಂದು ಕೈ ಬೀಸಿದಳು. ಅಜ್ಜಿಗೂ ಇದೇ ಮಾತು ಕೊಟ್ಟು ಬಂದಿದ್ದಳು. ಅಜ್ಜಿ ಅಂದಿನಿಂದಲೇ ಕನ್ನಡಕ ಒರೆಸುತ್ತ ಯುಗಾದಿಗೆ ಕಾಯತೊಡಗಿದ್ದಳು.

ಸಾಫ್ಟ್‌ವೇರ್ ತೆರೆದೆವು. ಪರದೆಯ ತುಂಬ ಚೌಕಗಳು! ಎಡಕ್ಕೊಂದು, ಬಲಕ್ಕೊಂದು, ನಡುವೆ ಕಪ್ಪನೆಯದೊಂದು, ಕೆಳಗೆ ಉದ್ದಕ್ಕೆ ಗೆರೆಗೆರೆ. ಎಲ್ಲಿ ಒತ್ತಿದರೆ ಏನು ಬರುತ್ತದೆ, ಬಂದದ್ದು ಎಲ್ಲಿ ಹೋಗುತ್ತದೆ, ಒಂದೂ ತಿಳಿಯದು. ಒಂದು ಚೌಕವನ್ನು ಮುಚ್ಚಿಬಿಟ್ಟು, ಅದನ್ನು ಮತ್ತೆ ಹುಡುಕುವಷ್ಟರಲ್ಲಿ ನನಗೆ ಬೆವರಿಳಿದಿತ್ತು. ಕಂಪ್ಯೂಟರ್ ಕಲಿತವಳು ನಾನು! ಅತ್ತೆ ಹಿಂದಿನಿಂದ ಬಗ್ಗಿ ಎರಡು ನಿಮಿಷ ನೋಡಿದಳು.

"ಇಷ್ಟಕ್ಕೆ ಯಾಕೆ ಒದ್ದಾಡ್ತೀಯ? ಎಡಗಡೆ ಇರೋದು ಬಟ್ಟೆ ಜೋಡಿಸಿಟ್ಟಿರೋ ಬೀರು. ನಡುವೆ ಇರೋದು ಗಿರಾಕಿ ಹಾಕ್ಕೊಂಡು ನೋಡ್ಕೊಳೋ ಕನ್ನಡಿ. ಕೆಳಗಡೆ ಉದ್ದಕ್ಕೆ ಇದೆಯಲ್ಲ, ಅದು ಕತ್ತರಿಸೋ ಮೇಜು. ಆ ಸಣ್ಣ ಸಣ್ಣ ಚಿತ್ರಗಳು ಸೂಜಿಡಬ್ಬಿ. ಬೀರುವಿಂದ ತೆಗಿ, ಮೇಜಿನ ಮೇಲೆ ಹಾಸು, ಕತ್ತರಿಸು, ಕನ್ನಡೀಲಿ ನೋಡು. ಇನ್ನೇನಿದೆ ಇದ್ರಲ್ಲಿ?"

ಮ್ಯಾನ್ಯುಯಲ್ ಮುನ್ನೂರು ಪುಟ ಇತ್ತು. ಅತ್ತೆ ನಾಲ್ಕು ಮಾತಿನಲ್ಲಿ ಮುಗಿಸಿದ್ದಳು!

ತಕರಾರು ಇದ್ದದ್ದು ಒಂದೇ. ಕತ್ತರಿಸುವ ಉಪಕರಣಕ್ಕೆ ಬ್ಲೇಡಿನ ಚಿತ್ರ ಹಾಕಿದ್ದರು. "ಬ್ಲೇಡಲ್ಲಿ ಹೊಲಿಗೆ ಬಿಚ್ತಾರೆ, ಬಟ್ಟೆ ಕತ್ತರಿಸ್ತಾರಾ? ಇದನ್ನ ಮಾಡಿದೋರ ಮನೇಲಿ ಒಬ್ರೂ ದರ್ಜಿ ಇಲ್ಲ" ಎಂದು ಗೊಣಗುತ್ತಲೇ ಮೊದಲ ಪಾಠ ಶುರುಮಾಡಿದಳು.

ಮಾರನೆಯ ದಿನ ನಾನು ಅಡುಗೆಮನೆಯಿಂದ ಬರುವಷ್ಟರಲ್ಲಿ ಮಾನಿಟರಿನ ಗಾಜಿನ ಮೇಲೆಲ್ಲ ನೀಲಿ ಗೆರೆಗಳು! ಅತ್ತೆ ಮಾರ್ಕಿಂಗ್ ಚಾಕಿನಲ್ಲಿ ಗುರುತು ಹಾಕಿಕೊಂಡಿದ್ದಳು. ಗುರುತಿಲ್ಲದೆ ಕತ್ತರಿ ಹಾಕುವವಳಲ್ಲ ಅವಳು. ಆದರೆ ಟೈಮ್‌ಲೈನ್ ಎಂಬ ಆ ಕತ್ತರಿಸುವ ಮೇಜು ಪಕ್ಕಕ್ಕೆ ಸರಿದರೂ ಗಾಜಿನ ಮೇಲಿನ ಚಾಕ್ ಸರಿಯುತ್ತದೆಯೇ? ಮದುವೆ ಮುಂದೆ ಹೋಗಿತ್ತು, ಗೆರೆ ಅಲ್ಲೇ ಇತ್ತು, ಅತ್ತೆ ನಂಬಿಕೆಯಿಂದ ಗೆರೆಯ ಮೇಲೇ ಕತ್ತರಿಸಿದ್ದಳು. ಓಡಿಸಿ ನೋಡಿದೆವು. ಗಟ್ಟಿಮೇಳ, ಗಟ್ಟಿಮೇಳ! ತಾಳಿ ಕಟ್ಟಲು ಬಗ್ಗಿದ ನಮ್ಮ ಮನೆಯವರು, ಎದ್ದಾಗ ಚಿಕ್ಕಪ್ಪನಾಗಿ ಎದ್ದು, ಊಟದೆಲೆಯ ಮುಂದೆ ತೃಪ್ತಿಯಿಂದ ತೇಗಿದರು.

"ಹಂಗಾದ್ರೆ ನಾನಿನ್ನೂ ತಾಳಿ ಕಟ್ಟಿಲ್ವಾ?" ನಮ್ಮ ಮನೆಯವರ ಮುಖದಲ್ಲಿ ಎಂದೂ ಕಾಣದ ಬೆಳಕು ಕಂಡಿತು.

ಅಂದು ಅತ್ತೆಗೆ 'ಅನ್‌ಡೂ' ಕಲಿಸಿದೆ. ಎರಡು ಬೆರಳಲ್ಲಿ ಎರಡು ಕೀಲಿ ಒತ್ತಿದರೆ ಕತ್ತರಿಸಿದ್ದು ಕೂಡಿಕೊಳ್ಳುತ್ತದೆ. ಅತ್ತೆ ಬಾಯಿಬಿಟ್ಟುಕೊಂಡು ಕೂತಳು. ಮೂವತ್ತು ವರ್ಷ ಕತ್ತರಿ ಹಿಡಿದವಳಿಗೆ ಇದಕ್ಕಿಂತ ದೊಡ್ಡ ಪವಾಡ ಯಾವುದಿದೆ? ಹದಿನೈದು ಸಲ ಕತ್ತರಿಸಿ ಹದಿನೈದು ಸಲ ಕೂಡಿಸಿದಳು. ಆ ವಾರ ಒಂಟಿಕೊಪ್ಪಲಿನಲ್ಲಿ ಒಂದು ರೇಷ್ಮೆ ರವಿಕೆಯ ಕತ್ತು ಅರ್ಧ ಇಂಚು ಹೆಚ್ಚಿಗೆ ಕತ್ತರಿಸಿಹೋದಾಗ, ಅವಳ ಎಡಗೈ ತಾನಾಗಿ ಹೋಗಿ ಎರಡು ಬೆರಳಿಂದ ಮೇಜನ್ನು ಒತ್ತಿತಂತೆ! "ಏನೂ ಆಗ್ಲಿಲ್ಲ ಕಣೇ" ಎಂದು ನನ್ನ ಮೇಲೇ ಸಿಟ್ಟು ಮಾಡಿದಳು.

ಅವಳಿಗೆ ಅತಿ ಹೆಚ್ಚು ಹಿಡಿಸಿದ್ದು ಇನ್ನೊಂದು. ತುಣುಕಿನ ಅಂಚು ಹಿಡಿದು ಒಳಕ್ಕೆ ಎಳೆದರೆ ಚಿತ್ರ ಅಲ್ಲಿಗೆ ನಿಲ್ಲುತ್ತದೆ, ಆದರೆ ಉಳಿದದ್ದು ಅಳಿಸಿಹೋಗುವುದಿಲ್ಲ. ಅಂಚನ್ನು ಮತ್ತೆ ಹೊರಕ್ಕೆ ಎಳೆದರೆ ಮಡಚಿದ್ದೆಲ್ಲ ಈಚೆ ಬರುತ್ತದೆ.

"ಅಂದ್ರೆ ಒಳಗೆ ಬಟ್ಟೆ ಬಿಟ್ಟಿರ್ತಾರೆ!" ಅತ್ತೆ ಕುರ್ಚಿಯಿಂದ ಎದ್ದೇಬಿಟ್ಟಳು. "ಮೊದಲೇ ಹೇಳ್ಬಾರ್ದಾ? ಇದನ್ನ ಮಾಡಿದೋರ ಮನೇಲಿ ಯಾರೋ ಒಬ್ಬ ಒಳ್ಳೆ ದರ್ಜಿ ಇದ್ದಾನೆ."

ಅಲ್ಲಿಂದ ಮುಂದೆ ಅತ್ತೆಯನ್ನು ಹಿಡಿಯುವವರೇ ಇರಲಿಲ್ಲ. ತಾವರೆ ಹೋಯಿತು, ಚಂದ್ರ ಹೋದ, ಹೃದಯವೂ ಹೋಯಿತು. ದಿನಾ ಹನ್ನೊಂದಕ್ಕೆ ಬಂದು ಎರಡರವರೆಗೆ ಕೂರುವಳು. ಪುಳಿಯೋಗರೆ ಡಬ್ಬಿಯ ಪಕ್ಕ ಮೌಸು, ಮೌಸಿನ ಪಕ್ಕ ಪಿನ್ನುಗಳು. ಮೌಸ್ ಹಿಡಿಯುವಾಗಲೂ ಬಾಯಲ್ಲಿ ಒಂದು ಪಿನ್ನು ಕಚ್ಚಿಕೊಳ್ಳದಿದ್ದರೆ ಅವಳಿಗೆ ಕೈ ಓಡುತ್ತಿರಲಿಲ್ಲ! ಯುಗಾದಿಗೆ ಎರಡು ದಿನ ಇರುವಾಗ ಕೆಲಸ ಮುಗಿಯಿತು.

"ಸೀಡಿಗೆ ಹಾಕ್ಬುಡು. ನನಗೆ ಹಬ್ಬದ ರವಿಕೆ ಒಂಬತ್ತು ಬಾಕಿ ಇವೆ" ಎಂದು ಓಡಿದಳು.

ಸೀಡಿಗೆ ಹಾಕುವ ಮುನ್ನ ಒಮ್ಮೆ ಪೂರ್ತಿ ನೋಡೋಣವೆಂದು ಕೂತೆ. ಬಹಳ ಚೆನ್ನಾಗಿತ್ತು. ಒಂದು ಮದುವೆ ಇನ್ನೊಂದಕ್ಕೆ ಕೂಡುವ ಜಾಗವೇ ಗೊತ್ತಾಗುತ್ತಿರಲಿಲ್ಲ. ಆದರೆ ಅತ್ತೆ ಎಲ್ಲಿ? ಮೊದಲಿಂದ ಕೊನೆಯವರೆಗೆ ಹುಡುಕಿದೆ, ಇಲ್ಲ! ಮಾತು ಕೊಟ್ಟು ಮೋಸ ಮಾಡಿದ್ದಳು. ನಾಡಿದ್ದು ಅಜ್ಜಿಯ ಮುಖ ಹೇಗೆ ನೋಡುವುದೆಂದು ನನಗೆ ಅಳುವೇ ಬಂತು.

ಆಗ ಒಂದು ವಿಷಯ ಕಣ್ಣಿಗೆ ಬಿತ್ತು. ನನ್ನ ಮದುವೆಯ ಭಾಗದಲ್ಲಿ ಅಜ್ಜಿ ಕುರ್ಚಿಯಲ್ಲಿ ಕೂತಿದ್ದಾಳೆ, ಮೂವರು ಗಂಡುಮಕ್ಕಳು ಸುತ್ತ ನಿಂತಿದ್ದಾರೆ. ಅಜ್ಜಿ ನಗಲು ಬಾಯಿ ತೆರೆಯುತ್ತಾಳೆ, ಚಿತ್ರ ತಟಕ್ಕನೆ ಹಾರುತ್ತದೆ. ಹೊಲಿಗೆ ಕಾಣಬಾರದು ಅನ್ನುವವಳು ಇಷ್ಟು ಒರಟಾಗಿ ಕತ್ತರಿಸುತ್ತಾಳೆಯೇ? ತುಣುಕಿನ ಅಂಚು ಹಿಡಿದು ಹೊರಕ್ಕೆ ಎಳೆದೆ.

ಎಡಗಡೆಯಿಂದ ಅತ್ತೆ ಬಂದಳು! ಬಾಯಲ್ಲಿ ಪಿನ್ನು, ಕೊರಳಲ್ಲಿ ಟೇಪು. ಅಜ್ಜಿಯ ಸೆರಗು ಜಾರಿತ್ತು. ಬಗ್ಗಿ ಪಿನ್ನು ಹಾಕಿದಳು, ಅಜ್ಜಿಯ ಕೆನ್ನೆ ಸವರಿದಳು, ಓಡಿಹೋದಳು. ಎಲ್ಲ ಸೇರಿ ಐದು ಸೆಕೆಂಡು. ಕ್ಯಾಸೆಟ್ ಎಷ್ಟು ಸಲ ನೋಡಿದ್ದರೂ ನಾವ್ಯಾರೂ ಇದನ್ನು ಗಮನಿಸಿರಲಿಲ್ಲ, ಅಜ್ಜಿಯ ಕಣ್ಣಲ್ಲಂತೂ ಆಗ ಪೊರೆ. ಅವಳ ಕಂದು ರವಿಕೆಯ ಬಲಭುಜದ ಹೊಲಿಗೆ ಬಿಟ್ಟುಹೋಗಿತ್ತು, ಅಲ್ಲೂ ಒಂದು ದೊಡ್ಡ ಪಿನ್ನು.

ಉಳಿದ ತುಣುಕುಗಳ ಅಂಚನ್ನೂ ಎಳೆದೆ. ದೊಡ್ಡ ಚಿಕ್ಕಪ್ಪನ ಮದುವೆ: ಅದೇ ಕಂದು ರವಿಕೆ, ಚಿಕ್ಕಮ್ಮನ ನೆರಿಗೆ ಸರಿಮಾಡುತ್ತಿದ್ದಾಳೆ. ಸಣ್ಣ ಚಿಕ್ಕಪ್ಪನ ಮದುವೆ: ಅದೇ ಕಂದು ರವಿಕೆ, ಭುಜಕ್ಕೆ ಪಿನ್ನು. ಮುಹೂರ್ತದ ಹಿಂದಿನ ಗಳಿಗೆಯವರೆಗೂ ನಮ್ಮೆಲ್ಲರ ರವಿಕೆ ಹೊಲಿದವಳಿಗೆ ತನ್ನದನ್ನು ಹೊಲಿದುಕೊಳ್ಳಲು ಒಂದು ಮದುವೆಯಲ್ಲೂ ಹೊತ್ತು ಸಿಕ್ಕಿರಲಿಲ್ಲ. ಅದಕ್ಕೇ ಕ್ಯಾಮೆರಾ ಕಂಡರೆ ಓಡುತ್ತಿದ್ದಳು. ಇಷ್ಟು ವರ್ಷ ನಾವು ಅದನ್ನು ಹುಚ್ಚು ಅಂದುಕೊಂಡು ನಗುತ್ತಿದ್ದೆವಲ್ಲ, ನಾಚಿಕೆಯಾಯಿತು. ಬಿಚ್ಚಿದ್ದನ್ನೆಲ್ಲ ಹಾಗೇ ಬಿಟ್ಟು ಸೀಡಿ ಮಾಡಿದೆ.

ಯುಗಾದಿಯ ದಿನ ಒಬ್ಬಟ್ಟಿನ ಊಟ ಮುಗಿಸಿ ಎಲ್ಲರೂ ಅಜ್ಜಿಮನೆಯ ಟೀವಿ ಮುಂದೆ ಕೂತೆವು. ಅತ್ತೆ ಬಾಗಿಲ ಬಳಿ ನಿಂತಿದ್ದಳು, ಓಡಲು ಅನುಕೂಲವಾಗಿ. ಆ ತುಣುಕು ಬಂತು. ಅಜ್ಜಿ ಕುರ್ಚಿಯಲ್ಲಿ, ಮೂವರು ಸುತ್ತ. ಎಡಗಡೆಯಿಂದ ಅತ್ತೆ. ನಾನು ರಿಮೋಟಿನಲ್ಲಿ ನಿಲ್ಲಿಸಿದೆ.

ಅಜ್ಜಿ ಎದ್ದು ಟೀವಿ ಹತ್ತಿರ ಹೋಗಿ ಗಾಜಿನ ಮೇಲೆ ಬೆರಳಿಟ್ಟು ಎಣಿಸಿದಳು. "ಒಂದು, ಎಲ್ಡು, ಮೂರು..." ಬೆರಳು ಅತ್ತೆಯ ಮುಖದ ಮೇಲೆ ನಿಂತಿತು. "ನಾಲ್ಕು! ನಾಲ್ಕೂ ಅವೆ ಕಣ್ರೋ!"

"ಬಿಚ್ಬುಟ್ಯೇನೇ?" ಅತ್ತೆ ನನ್ನ ಮೇಲೆ ಹಾರಿದಳು.

"ಒಳಗೆ ಬಟ್ಟೆ ಇತ್ತಲ್ಲ ಅತ್ತೆ!"

ಎಲ್ಲರೂ ನಕ್ಕರು. ಅಜ್ಜಿ ಮಾತ್ರ ನಗಲಿಲ್ಲ. ಅವಳ ಹೊಸ ಕಣ್ಣು ಇನ್ನೂ ಟೀವಿಯ ಮೇಲೇ ಇತ್ತು. "ಇದೇನೇ, ನಿನ್ನ ರವಿಕೆ ಭುಜ ಹರ್ದೋಗಿದೆ?" ಎಂದಳು. ಅತ್ತೆ ತಲೆ ತಗ್ಗಿಸಿದಳು.

"ಅಳತೆ ಬುಕ್ ತತ್ತಾ" ಎಂದಳು ಅಜ್ಜಿ ನನಗೆ. ಅತ್ತೆಗೆ ಹೊಲಿಗೆ ಕಲಿಸಿದವಳು ಇದೇ ಅಜ್ಜಿ. ಮಿಷನ್ನಿನ ಮೇಲಿದ್ದ ದಪ್ಪ ಪುಸ್ತಕ ತಂದು ಪುಟ ಪುಟ ಹುಡುಕಿದೆ. ನನ್ನದಿತ್ತು, ಅಮ್ಮನದಿತ್ತು, ಸೊಪ್ಪಿನಾಕೆಯದೂ ಇತ್ತು. ಅತ್ತೆಯ ಅಳತೆ ಇರಲಿಲ್ಲ. ಅದನ್ನು ಯಾರೂ ಯಾವತ್ತೂ ತೆಗೆದೇ ಇರಲಿಲ್ಲ.

"ಟೇಪ್ ತಗಳೇ. ನೀನು ಅಳತೆ ಹಿಡಿ, ನಾನು ಹೊಲೀತೀನಿ."

ಅತ್ತೆಯ ಕೊರಳಿನಿಂದ ಟೇಪು ತೆಗೆದು, ಅವಳ ಬೆನ್ನಿಗೆ, ಭುಜಕ್ಕೆ ಇಟ್ಟೆ. ಕ್ಯಾಮೆರಾ ಮುಂದೆ ಒಂದು ಗಳಿಗೆಯೂ ನಿಲ್ಲದವಳು ಎರಡೂ ಕೈ ಅಗಲಿಸಿ ಮನೆಮಂದಿಯ ನಡುವೆ ನಿಂತಿದ್ದಳು. ಅವಳ ಕಣ್ಣಿಂದ ನೀರು ಇಳಿಯುತ್ತಿತ್ತು. ಒರೆಸಿಕೊಳ್ಳಲು ಕೈ ಕೆಳಗಿಳಿಸಿದಳು.

"ಅಲ್ಲಾಡಬೇಡ ಕಣೇ, ಅಳತೆ ತಪ್ಪುತ್ತೆ" ಎಂದು ಅಜ್ಜಿ ತನ್ನ ಸೆರಗಿನಿಂದಲೇ ಅವಳ ಕಣ್ಣು ಒರೆಸಿದಳು.